ಎರಡು ಜಗ್ಗು, ಒಂದು ಮೂಗು

"ಸೋಮವಾರ ಮಧ್ಯಾಹ್ನ ನಿಮ್ಮಪ್ಪ ನಮ್ಮ ಮನೇಲಿ ಉದೋನ್ ತಿಂತಾರೆ. ಸುದಾಚಿ ಹಾಕಿದ ತಣ್ಣನೆ ಉದೋನ್. ಮಾಡೋನು ನಾನು! ಬಟ್ಟಲಲ್ಲಿ ಒಂದೇ ಒಂದು ಹನಿ ಸಾರು ಉಳಿದರೂ ನನ್ನ ಹೆಸರು ಬಾಂದೊ ಅಲ್ಲ!"

ಹೀಗೆ ಘೋಷಿಸಿ ನಾನು ಊಟದ ಮೇಜನ್ನು ಗುದ್ದಿದೆ. ಸೋಯಾ ಸಾಸಿನ ಶೀಶೆ ಉರುಳಿತು. ನನ್ನ ಹೆಂಡತಿ ಫುಮಿಕೊ ಅದನ್ನು ಎತ್ತಿ ನಿಲ್ಲಿಸಿ, ಚೆಲ್ಲಿದ್ದನ್ನು ಒರೆಸುತ್ತ ಕೇಳಿದಳು:

"ಮತ್ತೆ ಮಂಗಳವಾರದಿಂದ ನಿಮ್ಮನ್ನ ಏನಂತ ಕರೀಲಿ? ಈಗಲೇ ಹೇಳಿಬಿಡಿ. ಅಕ್ಕಪಕ್ಕದವರಿಗೂ ತಿಳಿಸಬೇಕಲ್ಲ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಘೋಷಣೆಗಳಿಗೆ ಸಿಕ್ಕಿರುವ ಮರ್ಯಾದೆ ಇಷ್ಟೇ. ಆದರೆ ಆ ದಿನ ಅವಳ ನಗೆಯಲ್ಲಿ ಜೀವ ಇರಲಿಲ್ಲ. ಕಾರಣ, ಐದು ನಿಮಿಷದ ಹಿಂದೆ ಅವಳ ತವರಿನಿಂದ ಫೋನ್ ಬಂದಿತ್ತು. ಮಾತಾಡಿದ್ದು ಅವಳ ಅತ್ತಿಗೆ. ಮಾವನಿಗೆ ಈ ಬೇಸಿಗೆಯ ಸೆಕೆ ಬಡಿದುಬಿಟ್ಟಿದೆಯಂತೆ. ಜುಲೈಯಿಂದ ಊಟ ಸೇರುತ್ತಿಲ್ಲ. ಏನು ಕೊಟ್ಟರೂ ಮೂರು ತುತ್ತು, ಆಮೇಲೆ ಊಟದ ಕಡ್ಡಿ ಕೆಳಗಿಟ್ಟು "ಸಾಕು." ಆರು ಕಿಲೋ ಇಳಿದಿದ್ದಾರಂತೆ. ಫುಮಿಕೊ ಫೋನ್ ಇಟ್ಟ ಮೇಲೂ ಅದರ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದಳು. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಮೇಜು ಗುದ್ದಿದೆ. ಅದು ಪರಾಕ್ರಮವಲ್ಲ, ಸಂಕಟ. ಆದರೆ ಗಂಡಸಿನ ಸಂಕಟ ಹೊರಗೆ ಬರುವಾಗ ಯಾಕೋ ಪರಾಕ್ರಮದ ವೇಷ ಹಾಕಿಕೊಂಡೇ ಬರುತ್ತದೆ!

ಇನ್ನು ಮಾವ ಯಾರು ಎಂದು ಹೇಳದಿದ್ದರೆ ನನ್ನ ಪ್ರತಿಜ್ಞೆಯ ತೂಕ ನಿಮಗೆ ಗೊತ್ತಾಗುವುದಿಲ್ಲ. ತೊಕುಜಿ ಅವರು, ವಯಸ್ಸು ಎಂಬತ್ತಮೂರು. ಪಕ್ಕದ ಕಗಾವಾ ಸೀಮೆಯವರು. ಅಲ್ಲಿ ನಲವತ್ತಾರು ವರ್ಷ ಉದೋನ್ ಅಂಗಡಿ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟು, ಮೂಲೆಯ ಸ್ಟೂಲಿನ ಮೇಲೆ ಕುಳಿತು ಮಗನ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದಾರೆ. ಕಗಾವಾದವರಿಗೆ ಉದೋನ್ ಎಂದರೆ ಊಟವಲ್ಲ, ಜಾತಿ! ಕಿರುಬೆರಳ ದಪ್ಪದ ಆ ಗೋಧಿ ಶಾವಿಗೆಯನ್ನು ನೋಡಿಯೇ ಅವರು ಮಾಡಿದವನ ಯೋಗ್ಯತೆ ಅಳೆಯುತ್ತಾರೆ. ನಾನೋ ತೊಕುಶಿಮಾದವನು. ನಮ್ಮ ಗುಡ್ಡಗಳ ತುಂಬ ಸುದಾಚಿ ಗಿಡ. ಗೋಲಿಗಿಂತ ತುಸು ದೊಡ್ಡದಾದ ಆ ಹಸಿರು ನಿಂಬೆಯನ್ನು ನಾವು ಮೀನಿಗೆ ಹಿಂಡುತ್ತೇವೆ, ಅಣಬೆಗೆ ಹಿಂಡುತ್ತೇವೆ, ಸಾರಿಗೆ ಹಿಂಡುತ್ತೇವೆ, ಏನೂ ಇಲ್ಲದಿದ್ದರೆ ಬರೀ ನೀರಿಗೆ ಹಿಂಡುತ್ತೇವೆ. ಹುಡುಗಿ ಕೇಳಲು ನಾನು ಮೊದಲ ಸಲ ಅವರ ಅಂಗಡಿಗೆ ಹೋದಾಗ ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ ಆಡಿದ್ದು ಒಂದೇ ಮಾತು:

"ತೊಕುಶಿಮಾದವನಾ? ಒಳ್ಳೇ ಸಾರಿಗೆ ಹುಳಿ ಹಿಂಡೋ ಊರು."

ಅಂದಿನಿಂದ ಇಂದಿನವರೆಗೆ ನಾನು ಮಾಡಿದ ಯಾವುದಕ್ಕೂ ಅವರ ಬಾಯಿಂದ "ಹೂಂ" ಬಿಟ್ಟು ಬೇರೆ ಅಕ್ಷರ ಬಂದಿಲ್ಲ. ಮದುವೆಗೆ ಹೂಂ. ಮಗಳು ಹುಟ್ಟಿದಾಗ ಹೂಂ. ಮನೆ ಕಟ್ಟಿಸಿದಾಗ ಸ್ವಲ್ಪ ಉದ್ದದ ಹೂಂ.

ನನ್ನ ಯೋಗ್ಯತೆಯೂ ಕಡಿಮೆಯದಲ್ಲ ಸ್ವಾಮಿ! ಮೂವತ್ತನಾಲ್ಕು ವರ್ಷ ಸೋಯಾ ಸಾಸಿನ ಕಾರ್ಖಾನೆಯಲ್ಲಿ ಲೇಬಲ್ ತಪಾಸಣೆ ವಿಭಾಗದಲ್ಲಿದ್ದೆ. ಶೀಶೆಯೊಳಗೆ ಏನಿದೆಯೋ ಅದೇ ಹೊರಗಿನ ಚೀಟಿಯಲ್ಲಿದೆಯೇ, ಚೀಟಿ ನೆಟ್ಟಗಿದೆಯೇ, ಇದನ್ನು ನೋಡುವುದೇ ನನ್ನ ಬದುಕಾಗಿತ್ತು. ಕಳೆದ ಏಪ್ರಿಲ್‌ನಲ್ಲಿ ನಿವೃತ್ತನಾದಾಗ ವಿಭಾಗದ ಮುಖ್ಯಸ್ಥರು, "ಬಾಂದೊ ಅವರ ಕಣ್ಣು ತಪ್ಪಿಸಿ ಒಂದು ಶೀಶೆಯೂ ಹೊರಗೆ ಹೋಗಿಲ್ಲ" ಎಂದು ಭಾಷಣ ಮಾಡಿದ್ದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವಾಗ ನಿಮಗೆ ನಗಲು ಅನುಕೂಲವಾಗುತ್ತದೆ.

ಶುಕ್ರವಾರ ಬೆಳಿಗ್ಗೆಯೇ ಕಾರ್ಯಾಚರಣೆ ಆರಂಭ. ತಣ್ಣನೆಯ ಸಾರನ್ನು ಇಡೀ ರಾತ್ರಿ ಫ್ರಿಜ್ಜಿನಲ್ಲಿಡಬೇಕು, ಅದಕ್ಕೊಂದು ಒಳ್ಳೆಯ ಜಗ್ಗು ಬೇಕು. ಅಂಗಡಿಗೆ ಹೋಗಿ ಎರಡು ಗಾಜಿನ ಜಗ್ಗು ತಂದೆ. ಒಂದೇ ಅಳತೆ, ಒಂದೇ ಆಕಾರ, ಒಂದೇ ನೀಲಿ ಮುಚ್ಚಳ. ಒಂದು ಸಾರಿಗೆ, ಇನ್ನೊಂದು ಬೇಸಿಗೆಯುದ್ದಕ್ಕೂ ನಮ್ಮ ಮನೆಯಲ್ಲಿ ನೀರಿನ ಬದಲು ಕುಡಿಯುವ ಬಾರ್ಲಿ ಚಹಾಕ್ಕೆ. ಹಳೆಯ ಚಹಾ ಜಗ್ಗಿಗೆ ಸೀಳು ಬಿದ್ದಿತ್ತು.

ಫುಮಿಕೊ ಎರಡನ್ನೂ ನೋಡಿದಳು.

"ರೀ, ಎರಡೂ ಒಂದೇ ಥರ ಇದಾವಲ್ರೀ."

"ಜೋಡಿ! ಚೆಂದ ಕಾಣುತ್ತೆ."

"ಚೆಂದ ಸರಿ. ನಿಮ್ಮ ಸಾರೂ ಕಂದು, ನನ್ನ ಚಹಾನೂ ಕಂದು. ಒಂದು ಚೀಟಿ ಬರೆದು ಅಂಟಿಸಿ."

ಚೀಟಿ! ನನಗೆ! ಮೂವತ್ತನಾಲ್ಕು ವರ್ಷ ಚೀಟಿಗಳ ನಡುವೆ ಬಾಳಿದವನಿಗೆ!

"ಫುಮಿಕೊ, ಚೀಟಿ ಬೇಕಾಗೋದು ಏನೂ ಗೊತ್ತಿಲ್ಲದ ಜನಕ್ಕೆ. ನನಗೆ ಈ ಮೂಗು ಸಾಕು. ಮುಚ್ಚಳ ತೆಗೆದರೆ ಹತ್ತು ಹೆಜ್ಜೆ ದೂರದಿಂದ ಹೇಳ್ತೀನಿ, ಯಾವುದು ಚಹಾ, ಯಾವುದು ಸಾರು ಅಂತ."

"ಮೊನ್ನೆ ಅನ್ನ ಸೀದು ಹೋದಾಗ ಆ ಮೂಗು ಎಲ್ಲಿತ್ತು?"

"ಆವಾಗ ಪೇಪರ್ ಓದ್ತಿದ್ದೆ."

"ಓ, ಮೂಗಲ್ಲಿ ಓದ್ತೀರಾ?" ಎಂದು ಅವಳು ಬಟ್ಟೆ ಒಣಹಾಕಲು ಹೋದಳು. ವಾದದಲ್ಲಿ ಗೆದ್ದವರು ಯಾರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಶನಿವಾರ ಸುದಾಚಿಯ ಸರದಿ. ನಮ್ಮದು ಗಿಡವಿಲ್ಲದ ಮನೆ. ಇಲ್ಲೊಂದು ವಿಷಯ ಹೇಳಬೇಕು. ಸೆಪ್ಟೆಂಬರ್ ತಿಂಗಳಲ್ಲಿ ನಮ್ಮೂರಲ್ಲಿ ಯಾರೂ ಸುದಾಚಿಯನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಯಾರಾದರೂ ಕೊಡುತ್ತಾರೆ. ಕೊಳ್ಳುವುದೆಂದರೆ, ಈ ಊರಲ್ಲಿ ನನಗೆ ಒಬ್ಬನೂ ಗೆಳೆಯನಿಲ್ಲ ಎಂದು ಡಂಗುರ ಸಾರಿದ ಹಾಗೆ. ನಾನು ನೇರವಾಗಿ ಎರಡು ಮನೆ ಆಚೆಯ ಮಿಕಿ ಅಜ್ಜಿಯ ಬೇಲಿಯ ಬಳಿ ಹೋಗಿ ನಿಂತೆ.

"ಅಜ್ಜಿ, ಒಂದು ಐದಾರು ಸುದಾಚಿ ಸಿಗುತ್ತಾ?"

ಅಜ್ಜಿ ಬುಟ್ಟಿ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದಳು.

"ಅಯ್ಯೋ ಬಾಂದೊ, ಈ ವರ್ಷ ನಿಮಗೆ ಯಾರೂ ಕೊಟ್ಟೇ ಇಲ್ವಾ? ಸೆಪ್ಟೆಂಬರ್ ಅರ್ಧ ಆಯ್ತಲ್ಲೋ! ಫುಮಿಕೊ ಯಾರ ಜೊತೆಗಾದ್ರೂ ಜಗಳ ಆಡಿದ್ಳಾ?"

"ಇಲ್ಲ ಅಜ್ಜಿ, ಕೊಟ್ಟಿದ್ರು, ಮುಗೀತು. ಐದೇ ಐದು ಸಾಕು."

"ನೀನು ಮನೆಗೆ ನಡಿ. ನಾನು ನೋಡ್ಕೋತೀನಿ."

ಆ "ನೋಡ್ಕೋತೀನಿ" ಎಂಬ ಮಾತಿನಲ್ಲಿದ್ದ ಅಪಾಯ ನನಗೆ ಆಗ ಹೊಳೆಯಲಿಲ್ಲ. ಅರ್ಧ ಗಂಟೆಯೊಳಗೆ ನಮ್ಮ ಗೇಟಿಗೆ ಒಂದು ಚೀಲ ನೇತಾಡಿತು. ಮಧ್ಯಾಹ್ನಕ್ಕೆ ಸೈಕಲ್ಲಿನ ಬುಟ್ಟಿಯಲ್ಲಿ ಇನ್ನೊಂದು. ಟಪಾಲು ಪೆಟ್ಟಿಗೆಯ ಮೇಲೆ ಮತ್ತೊಂದು. ಯಾರು ಇಟ್ಟರೋ ಗೊತ್ತಿಲ್ಲ, ಹೆಸರಿಲ್ಲ, ಚೀಟಿಯಿಲ್ಲ.

ಭಾನುವಾರ ಹಿಟ್ಟು ತುಳಿಯುವ ದಿನ. ಹೌದು, ತುಳಿಯುವುದೇ. ಉದೋನಿನ ಹಿಟ್ಟನ್ನು ಕೈಯಲ್ಲಿ ನಾದಿದರೆ ಆಗದು. ಉಪ್ಪುನೀರಲ್ಲಿ ಕಲಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನೆಲದ ಮೇಲಿಟ್ಟು, ಅದರ ಮೇಲೆ ನಿಂತು ತುಳಿಯಬೇಕು. ಹರಡಿದ್ದನ್ನು ಮಡಿಚಿ ಮತ್ತೆ ತುಳಿಯಬೇಕು. ಫುಮಿಕೊ ಐದನೇ ವಯಸ್ಸಿನಿಂದ ಅಪ್ಪನ ಅಂಗಡಿಯಲ್ಲಿ ತುಳಿದವಳು. ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಹಿಮ್ಮಡಿಯಿಂದ ತುಳೀರಿ. ನಡುವಿನಿಂದ ಅಂಚಿಗೆ ಹೋಗಿ."

"ಗೊತ್ತು."

"ಬೆರಳಿಂದ ತುಳಿದ್ರೆ ಚೀಲ ಒಡೆಯುತ್ತೆ."

"ಗೊತ್ತು ಅಂದೆನಲ್ಲ! ಈ ಅಡುಗೆಗೆ ನೀನು ತಲೆ ಹಾಕಬಾರದು."

"ತಲೆ ನಾನು ಹಾಕಲ್ಲಪ್ಪ. ಕಾಲು ನೀವು ಹಾಕಿದ್ದೀರಲ್ಲ, ಅಷ್ಟು ಸಾಕು" ಎಂದು ಒಳಗೆ ಹೋದಳು.

ಹದಿನೈದು ನಿಮಿಷ ಭರ್ಜರಿಯಾಗಿ ತುಳಿದೆ. ಉತ್ಸಾಹ ಏರಿತು. ಬೇಸಿಗೆಯ ಹಬ್ಬದ ಕುಣಿತದ ಒಂದೆರಡು ಹೆಜ್ಜೆಯನ್ನೂ ಸೇರಿಸಿದೆ. ನಮ್ಮ ಸೀಮೆಯವರಿಗೆ ಕಾಲು ಎತ್ತಿದರೆ ಆ ಕುಣಿತ ತಾನಾಗಿ ಬರುತ್ತದೆ. ಬಲಗಾಲಿನ ಬೆರಳು ಊರಿ ಒಂದು ತಿರುವು ತಿರುಗಿದೆನೋ ಇಲ್ಲವೋ, ಫಟ್! ಚೀಲ ಒಡೆಯಿತು. ನನ್ನ ಬಲಗಾಲು ಗಿಣ್ಣಿನವರೆಗೆ ಹಿಟ್ಟಿನಲ್ಲಿ ಹೂತುಹೋಯಿತು. ಎಳೆದರೆ ಹಿಟ್ಟೂ ಜೊತೆಗೇ ಬಂತು. ಸರಿಯಾಗಿ ಅದೇ ಹೊತ್ತಿಗೆ ಗೇಟಿನ ಕರೆಗಂಟೆ ಬಾರಿಸಿತು.

ಕುಂಟುತ್ತ ಹೋಗಿ ಬಾಗಿಲು ತೆರೆದೆ. ಗೇಟಿನ ಆಚೆ ಮಿಕಿ ಅಜ್ಜಿ, ಎರಡು ಕೈಯಲ್ಲೂ ಸುದಾಚಿ ಚೀಲ. ಅವಳಿಗೆ ದೂರದ್ದು ಮಂಜು ಮಂಜು. ಅವಳ ಕಣ್ಣಿಗೆ ಕಂಡದ್ದು ಒಂದು ಕಾಲಿಗೆ ಬೆಳ್ಳಗೆ ದಪ್ಪಗೆ ಏನೋ ಸುತ್ತಿಕೊಂಡು ಬಾಗಿಲು ಹಿಡಿದು ನಿಂತಿರುವ ಬಾಂದೊ.

"ಅಯ್ಯಯ್ಯೋ! ಕಾಲು ಮುರ್ಕೊಂಡ್ಯೇನೋ! ನಿನ್ನೆ ಚೆನ್ನಾಗೇ ಇದ್ದೆಯಲ್ಲೋ!"

"ಅಜ್ಜಿ, ಇದು ಹಿಟ್ಟು..."

"ಬರಬೇಡ, ಬರಬೇಡ, ಅಲ್ಲೇ ಇರು! ಇಲ್ಲೇ ಇಟ್ಟು ಹೋಗ್ತೀನಿ. ಪಾಪ, ಎಲ್ಲರಿಗೂ ಹೇಳಿ ಇನ್ನಷ್ಟು ಕಳಿಸ್ತೀನಿ!"

ಅಜ್ಜಿಯ ಕಣ್ಣು ಮಂದ, ನಾಲಿಗೆ ಚುರುಕು. ಸಂಜೆಯೊಳಗೆ ಬಾಂದೊನ ಕಾಲು ಮುರಿದ ಸುದ್ದಿ ಗುಡ್ಡದ ಮೇಲಿನ ಕೊನೆಯ ಮನೆಯವರೆಗೂ ಮುಟ್ಟಿತು. ಕಾಲು ಮುರಿದವನಿಗೆ ಊರಿನವರು ಏನು ಕೊಡುತ್ತಾರೆ? ಸೆಪ್ಟೆಂಬರಿನಲ್ಲಿ? ಸುದಾಚಿ! ಹನ್ನೊಂದು ಚೀಲ ಬಂದವು. ಒಂದರ ಮೇಲೆ ಮಾತ್ರ ಚೀಟಿ ಇತ್ತು: "ಬೇಗ ಗುಣವಾಗಲಿ."

ಫುಮಿಕೊ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. "ನಿಮ್ಮ ಬುದ್ಧಿಗೆ" ಎಂದಳು.

ನಾನು ಹಿಟ್ಟನ್ನು ಹೊಸ ಚೀಲಕ್ಕೆ ತುಂಬಿ, ಬಲಗಾಲಿನ ಮೇಲೆ ನಂಬಿಕೆ ಹೋಗಿದ್ದರಿಂದ ಎಡಗಾಲಿನಲ್ಲೇ ಹುಷಾರಾಗಿ ತುಳಿದು ಮುಗಿಸಿದೆ. (ಕಾಲು ತೊಳೆದುಕೊಂಡಿದ್ದೆ. ಮೇಲಿನ ಪದರ ಕಿತ್ತು ಎಸೆದಿದ್ದೆ. ಯಾರೂ ಮುಖ ಸಿಂಡರಿಸಬೇಕಾಗಿಲ್ಲ.) ಆಮೇಲೆ ಸಾರು. ಬೆರಳುದ್ದದ ಒಣಮೀನುಗಳನ್ನು ಒಂದೊಂದಾಗಿ ಹಿಡಿದು ತಲೆ ಮುರಿದು ಹೊಟ್ಟೆ ತೆಗೆದೆ, ತೆಗೆಯದಿದ್ದರೆ ಕಹಿ. ಕಡಲಪಾಚಿಯ ಪಟ್ಟಿಯ ಜೊತೆ ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮೊದಲೇ ಇಳಿಸಿ, ಸೋಸಿ, ತೆಳು ಬಣ್ಣದ ಸೋಯಾ ಸಾಸ್ ಬೆರೆಸಿದೆ. ಎಂಟು ಸಲ ರುಚಿ ನೋಡಿದೆ. ಫುಮಿಕೊ ಒಂದು ಚಮಚ ಕುಡಿದಳು. ನಾನು ಕೇಳದೆಯೇ ಇನ್ನೊಂದು ಚಮಚ ಕುಡಿದಳು! ನನಗೆ ಅಷ್ಟೇ ಸಾಕಾಯಿತು.

"ಅಪ್ಪ ಇದನ್ನ ಕುಡೀತಾರೆ ಅಂತೀರಾ?" ಎಂದು ಮೆಲ್ಲಗೆ ಕೇಳಿದಳು.

"ಕುಡೀತಾರೆ."

ಈ ಸಲ ಮೇಜು ಗುದ್ದಲಿಲ್ಲ. ನನಗೂ ಭಯವಿತ್ತು.

ಸಾರನ್ನು ಜಗ್ಗಿಗೆ ಸುರಿದು ಫ್ರಿಜ್ಜಿನಲ್ಲಿ ಇಟ್ಟೆ. ಎಡಗಡೆ ಸಾರು, ಬಲಗಡೆ ಚಹಾ. ನೆನಪಿಡುವುದು ಏನು ಮಹಾ!

ಸೋಮವಾರ. ಹಿರಿಯರ ದಿನದ ರಜೆ. ಸೆಪ್ಟೆಂಬರ್ ಅರ್ಧ ಕಳೆದರೂ ಬೆಳಿಗ್ಗೆ ಎಂಟಕ್ಕೇ ಬೆವರು ಇಳಿಯುತ್ತಿತ್ತು. ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಇನ್ನೂ ನಾಲ್ಕು ಚೀಲ! ಈ ಸೆಕೆಯಲ್ಲಿ ಹೊರಗಿಟ್ಟರೆ ಸುದಾಚಿ ಹಳದಿಯಾಗಿ ಪರಿಮಳ ಹೋಗುತ್ತದೆ. ಊರಿನವರು ಪ್ರೀತಿಯಿಂದ ಕೊಟ್ಟದ್ದನ್ನು ಕೆಡಿಸುವುದೇ? ಫ್ರಿಜ್ಜಿನ ಒಳಗಿದ್ದದ್ದನ್ನೆಲ್ಲ ಹೊರಗೆ ತೆಗೆದು ಮೇಜಿನ ಮೇಲೆ ಹರಡಿದೆ. ಮೂಲೆ ಮೂಲೆಗೆ ಸುದಾಚಿ ತುರುಕಿದೆ. ಮೊಟ್ಟೆಯ ಗುಳಿಗಳಲ್ಲೂ ಸುದಾಚಿ. ಉಳಿದ ಜಾಗದಲ್ಲಿ ಮಿಕ್ಕ ಸಾಮಾನನ್ನು ಒತ್ತೊತ್ತಾಗಿ ಇಟ್ಟು, ಕೊನೆಗೆ ಎರಡು ಜಗ್ಗುಗಳನ್ನೂ ಒಳಗೆ ಸೇರಿಸಿ ಮಂಡಿಯಿಂದ ಬಾಗಿಲು ಒತ್ತಿ ಮುಚ್ಚಿದೆ.

ಫುಮಿಕೊ ಕಾರಿನಲ್ಲಿ ನಿಲ್ದಾಣಕ್ಕೆ ಹೋದಳು, ಅಪ್ಪನನ್ನು ಕರೆತರಲು. ನಾನು ಸುದಾಚಿ ಹೆಚ್ಚಲು ಕುಳಿತೆ. ಕಾಗದದಷ್ಟು ತೆಳುವಾದ ಬಿಲ್ಲೆಗಳು. ಮೊದಲ ಹತ್ತು ಹಣ್ಣಿಗೆ ಕಣ್ಣು ಉರಿಯಿತು, ಮುಂದಿನ ಹತ್ತಕ್ಕೆ ಉಗುರು ಸಂದು ಉರಿಯಿತು, ಮೂವತ್ತರ ಹೊತ್ತಿಗೆ ನನ್ನ ಕೈ, ಮೀಸೆ, ಏಪ್ರನ್, ಅಡುಗೆಮನೆಯ ಗೋಡೆ ಎಲ್ಲವೂ ಸುದಾಚಿ. ಉಸಿರೆಳೆದರೆ ಸುದಾಚಿ, ಬಿಟ್ಟರೆ ಸುದಾಚಿ. ಹತ್ತು ಹೆಜ್ಜೆ ದೂರದಿಂದ ಗುರುತು ಹಿಡಿಯುವ ಆ ಮಹಾನ್ ಮೂಗಿಗೆ ಈಗ ಲೋಕದಲ್ಲಿ ಒಂದೇ ವಾಸನೆ ಉಳಿದಿತ್ತು.

ಮಾವ ಬಂದರು. ಬಾಗಿಲಲ್ಲಿ ಬಗ್ಗಿ ಬೂಟು ಕಳಚುವಾಗ ಅವರ ಅಂಗಿಯ ಕಾಲರು ಕತ್ತಿಗೆ ಎಷ್ಟು ದೊಡ್ಡದಾಗಿದೆ ಎಂಬುದು ಕಂಡಿತು. ಗಟ್ಟಿ ಆಳು. ಹಿಟ್ಟು ತುಳಿದು ತುಳಿದು ಕಂಬದಂತಾಗಿದ್ದ ಕಾಲು. ಈಗ ಪ್ಯಾಂಟು ಗಾಳಿಗೆ ಆಡುತ್ತಿತ್ತು.

"ಬನ್ನಿ ಮಾವ. ಇವತ್ತು ನನ್ನ ಕೈಯಡುಗೆ."

"ಹೂಂ" ಎಂದರು. ಆಮೇಲೆ ಮೂಗರಳಿಸಿ, "ಮನೆ ತೊಳೆಯೋಕೂ ಸುದಾಚಿ ಹಾಕ್ತೀರಾ?" ಎಂದರು.

ಫುಮಿಕೊ ಮೀನಿನ ಬಜ್ಜಿ ಕರಿಯಲು ಒಲೆಯ ಮುಂದೆ ನಿಂತಳು. ಉದೋನ್ ಜೊತೆ ಅದಿಲ್ಲದೆ ಅವಳ ಅಪ್ಪನಿಗೆ ಆಗದು. ನಾನು ಹಿಟ್ಟನ್ನು ಲಟ್ಟಿಸಿ, ಕತ್ತರಿಸಿ, ಬೇಯಿಸಿ, ಆ ಶಾವಿಗೆಯನ್ನು ತಣ್ಣೀರಿನಲ್ಲಿ ತೊಳೆದು ಮೂರು ಬಟ್ಟಲಿಗೆ ಹಾಕಿದೆ. ಫ್ರಿಜ್ಜಿನ ಎಡಗಡೆಯ ಜಗ್ಗು ತೆಗೆದು ಸುರಿದೆ. ಮೇಲೆ ಸುದಾಚಿಯ ಬಿಲ್ಲೆಗಳನ್ನು ಅಂಚಿನಿಂದ ಅಂಚಿಗೆ ಹೊದಿಸಿದೆ. ಬಲಗಡೆಯ ಜಗ್ಗಿನಿಂದ ಲೋಟಕ್ಕೆ ಚಹಾ ತುಂಬಿದೆ. ಆಹಾ! ಹಸಿರು ಬಿಲ್ಲೆ, ಕೆಳಗೆ ಕಂದು ಸಾರು, ನಡುವೆ ಬಿಳಿ ಶಾವಿಗೆ. ಕಣ್ಣಿಗೆ ತಂಪು. ಮಾವನ ಮುಂದಿಟ್ಟು ಎದುರಿಗೆ ಮಂಡಿಯೂರಿ ಕುಳಿತೆ. ಅವರು ಮೊದಲು ತಿನ್ನಬೇಕು, ಆಮೇಲೆ ನಾನು.

ಉದೋನ್ ತಿನ್ನುವಾಗ ಸದ್ದು ಬರಬೇಕು. ಸುರ್ರ್ ಎಂದು ಎಳೆದರೆ ಮೆಚ್ಚಿದರು ಎಂದರ್ಥ. ನಾನು ಕಿವಿ ನಿಮಿರಿಸಿ ಕಾದೆ.

ಮಾವ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಒಂದು ಗುಟುಕು ಕುಡಿದರು. ಒಂದು ಕ್ಷಣ ತಡೆದು ಬಟ್ಟಲು ಕೆಳಗಿಟ್ಟರು.

ಸದ್ದಿಲ್ಲ! ಮೂರು ತುತ್ತೂ ಇಲ್ಲ, ಒಂದೇ ಗುಟುಕು! ನನ್ನ ಮೂರು ದಿನದ ತಪಸ್ಸು ಒಂದು ಗುಟುಕಿಗೆ ಮುಗಿಯಿತು.

ಮಾವ ಲೋಟ ಎತ್ತಿಕೊಂಡರು. ಒಂದು ಗುಟುಕು. ಮತ್ತೆ ತಡೆದರು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕತ್ತು ಹಿಂದಕ್ಕೆ ಬಾಗಿಸಿ ಗಟಗಟನೆ ಕೊನೆಯ ಹನಿಯವರೆಗೆ ಕುಡಿದು ಲೋಟವನ್ನು ನನ್ನ ಕಡೆ ಚಾಚಿದರು.

"ಚಹಾ ಚೆನ್ನಾಗಿದೆ. ಇನ್ನೊಂದು ಲೋಟ."

ಚೆನ್ನಾಗಿದೆ! ಮೂವತ್ತೊಂದು ವರ್ಷದಲ್ಲಿ ಆ ಬಾಯಿಂದ ಮೊದಲ ಬಾರಿ ಬಂದ ಮಾತು, ಹೋಗಿ ಹೋಗಿ ಚಹಾಕ್ಕೆ! ಪೊಟ್ಟಣ ಹರಿದು ನೀರಿಗೆ ಹಾಕಿದರೆ ತಾನೇ ಆಗುವ ಚಹಾಕ್ಕೆ! ಅದೂ ಫುಮಿಕೊ ಮಾಡಿದ್ದಕ್ಕೆ! ಹಲ್ಲು ಕಚ್ಚಿಕೊಂಡು ತುಂಬಿಸಿದೆ. ಅದೂ ಖಾಲಿ.

"ಇನ್ನೊಂದು."

"ಮಾವ, ಉದೋನ್..."

"ತಿಂತೀನಪ್ಪ. ಏನವಸರ?"

ಮೂರನೆಯ ಲೋಟವನ್ನೂ ತುಂಬಿಸಿದೆ. ಅಷ್ಟರಲ್ಲಿ ಫುಮಿಕೊ ಬಜ್ಜಿಯ ತಟ್ಟೆ ತಂದಿಟ್ಟು ಪಕ್ಕದಲ್ಲಿ ಕುಳಿತಳು. ತನ್ನ ಬಟ್ಟಲೆತ್ತಿ ಒಂದು ಗುಟುಕು ಕುಡಿದಳು. ಕೆನ್ನೆ ಉಬ್ಬಿತು. ನುಂಗಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ ನುಂಗಿದಳು.

"ಏನ್ರೀ ಇದು?"

"ಏನೇನು? ಉದೋನ್!"

"ಇದು ನನ್ನ ಚಹಾ!"

ನಾನು ನನ್ನ ಬಟ್ಟಲಿಗೆ ಬಾಯಿಟ್ಟೆ. ಸುಟ್ಟ ಬಾರ್ಲಿ. ಅದರೊಳಗೆ ಹುಳಿ. ಅದರೊಳಗೆ ಶಾವಿಗೆ. ಲೋಟಕ್ಕೆ ಬಾಯಿಟ್ಟೆ. ಒಣಮೀನು, ಕಡಲಪಾಚಿ, ಸೋಯಾ. ಎಂಟು ಸಲ ರುಚಿ ನೋಡಿದ ನನ್ನದೇ ಸಾರು! ಬೆಳಿಗ್ಗೆ ಸುದಾಚಿ ತುರುಕುವ ಭರದಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಮೂವತ್ತನಾಲ್ಕು ವರ್ಷ ಒಂದು ಶೀಶೆಯೂ ಯಾರ ಕಣ್ಣು ತಪ್ಪಿಸಿ ಹೋಗಿರಲಿಲ್ಲವೋ, ಅವನ ಸ್ವಂತ ಫ್ರಿಜ್ಜಿನಲ್ಲಿ ಇದ್ದದ್ದು ಎರಡೇ ಜಗ್ಗು!

ಫುಮಿಕೊ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿಮಗೆ ಗೊತ್ತಾಗಲಿಲ್ವಾ? ನಲವತ್ತಾರು ವರ್ಷ ಸಾರು ಕಾಯಿಸಿದ್ದೀರಿ!"

"ಮೊದಲ ಗುಟುಕಿಗೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಮಾವ ಮೂರನೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಹೇಳಿದ್ರೆ ನಿನ್ನ ಗಂಡ ಲೋಟ ಕಿತ್ಕೊಂಡು ಒಳಗೆ ಓಡ್ತಿದ್ದ. ಈ ಬೇಸಿಗೇಲಿ ಮೊದಲನೇ ಸಲ ಬಾಯಿಗೆ ರುಚಿ ಹತ್ತಿತ್ತು ಕಣಮ್ಮ. ಯಾಕೆ ಬಿಟ್ಟುಕೊಡಲಿ?"

ಫುಮಿಕೊ ತಟಕ್ಕನೆ ಎದ್ದು ಒಲೆಯ ಕಡೆ ಹೋದಳು. ಎಣ್ಣೆಯ ಹೊಗೆ ಕಣ್ಣಿಗೆ ಹೋಯಿತು ಎಂದಳು. ಒಲೆ ಆರಿ ಹತ್ತು ನಿಮಿಷವಾಗಿತ್ತು. ನನ್ನ ಕಣ್ಣಿಗೂ ಸುದಾಚಿ ಹೋಗಿತ್ತು.

ಮಾವ ಮಾತ್ರ ತಮ್ಮ ಅಂಗಡಿಯಲ್ಲಿ ಇದ್ದವರಂತೆ ಅಪ್ಪಣೆ ಕೊಡಲು ಶುರುಮಾಡಿದರು. "ನೋಡ್ತಾ ಕೂತ್ಯಲ್ಲಪ್ಪ. ಆ ಚಹಾ ಚೆಲ್ಲು. ಶಾವಿಗೆ ತೊಳ್ಕೊಂಡು ಬಾ. ಸಾರು ಇನ್ನೂ ಇದೆ ತಾನೇ?"

ಇತ್ತು. ತೊಳೆದ ಶಾವಿಗೆಗೆ ಜಗ್ಗಿನಲ್ಲಿ ಉಳಿದದ್ದನ್ನೆಲ್ಲ ಸುರಿದೆ. ಬಿಲ್ಲೆಗಳನ್ನು ಮತ್ತೆ ಹೊದಿಸಿದೆ. ಮಾವ ಅದರ ಮೇಲೆ ಅರ್ಧ ಸುದಾಚಿಯನ್ನು ತಾವೇ ಹಿಂಡಿದರು. ಹೌದು, ಕಗಾವಾದ ತೊಕುಜಿ ಅವರು, ತಮ್ಮ ಕೈಯಾರೆ, ಒಳ್ಳೇ ಸಾರಿಗೆ ಹುಳಿ ಹಿಂಡಿದರು! ಕಡ್ಡಿಯಲ್ಲಿ ಶಾವಿಗೆ ಎತ್ತಿದರು.

ಸುರ್ರ್ರ್!

ಆ ಸದ್ದು ಕೇಳಿ ಫುಮಿಕೊ ಒಲೆಯ ಬಳಿಯಿಂದ ತಿರುಗಿ ನೋಡಿದಳು. ಮಾವ ಅಗಿಯುತ್ತ ಕಣ್ಣು ಮುಚ್ಚಿದರು.

"ತುಳಿದೋರು ಯಾರು?"

"ನಾನೇ ಮಾವ."

"ಎಡಗಾಲು ಪರವಾಗಿಲ್ಲ. ಬಲಗಾಲು ಸೋಮಾರಿ."

ನಾನು ಬೆಚ್ಚಿಬಿದ್ದೆ. ಶಾವಿಗೆಯಲ್ಲಿ ಕಾಲು ಬರೆದಿರುತ್ತದೆಯೇ? ಫುಮಿಕೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಅಂಥ ನಗು.

ಬಟ್ಟಲು ಖಾಲಿಯಾಯಿತು. ಒಂದು ಹನಿಯೂ ಉಳಿಯಲಿಲ್ಲ. ನನ್ನ ಹೆಸರು ಬಾಂದೊ ಆಗಿಯೇ ಉಳಿಯಿತು. ನಮ್ಮಿಬ್ಬರಿಗೆ ಸಾರು ಇರಲಿಲ್ಲ. ಗಂಡ ಹೆಂಡತಿ ಶಾವಿಗೆಗೆ ಬರೀ ಸೋಯಾ ಸಾಸ್ ಹಾಕಿಕೊಂಡು ತಿಂದೆವು, ಸೊಗಸಾಗಿತ್ತು. ಸಂಜೆ ಮಾವ ಹೊರಟಾಗ ಏಳು ಚೀಲ ಸುದಾಚಿಯನ್ನು ಕಾರಿಗೆ ಹೇರಿದೆ. ಬೇಡ ಎನ್ನಲಿಲ್ಲ. ನಾನು ಎರಡು ಕಾಲಿನಲ್ಲಿ ನೆಟ್ಟಗೆ ನಡೆದು ಚೀಲ ಹೊರುವುದನ್ನು ಕಂಡು ಮಿಕಿ ಅಜ್ಜಿ ಬೇಲಿಯ ಆಚೆಯಿಂದ ಕೈ ಮುಗಿದಳು. "ಒಂದೇ ದಿನಕ್ಕೆ ಗುಣ ಆಯ್ತಲ್ಲೋ! ಸುದಾಚಿ ಅಂದ್ರೆ ಸುಮ್ನೇನಾ?"

ವಾರದ ಮೇಲೆ ಮಾವನಿಂದ ಒಂದು ಲಕೋಟೆ ಬಂತು. ಒಳಗೆ ಅಂಗಡಿಯ ಗೋಡೆಗೆ ತಿಂಡಿಗಳ ಹೆಸರು ಬರೆದು ತೂಗುಹಾಕುತ್ತಾರಲ್ಲ, ಅಂಥ ಎರಡು ದಪ್ಪ ಕಾಗದದ ಚೀಟಿಗಳು. ಕುಂಚದಲ್ಲಿ ಅವರದೇ ಕೈಬರಹ. ಒಂದರಲ್ಲಿ "ಚಹಾ." ಇನ್ನೊಂದರಲ್ಲಿ "ಸಾರು." ಲೇಬಲ್ ತಪಾಸಣೆಯ ನಿವೃತ್ತ ಅಧಿಕಾರಿಗೆ ಉದೋನ್ ಅಂಗಡಿಯವರು ಕಳಿಸಿದ ಲೇಬಲ್!

ಅಭ್ಯಾಸ ಬಲದಿಂದ ತಿರುಗಿಸಿ ನೋಡಿದೆ. "ಸಾರು" ಎಂಬ ಚೀಟಿಯ ಬೆನ್ನಿಗೆ, ಮೂಲೆಯಲ್ಲಿ, ಸಣ್ಣದಾಗಿ: "ಚೆನ್ನಾಗಿತ್ತು."

ಮೂವತ್ತನಾಲ್ಕು ವರ್ಷ ಲಕ್ಷಗಟ್ಟಲೆ ಚೀಟಿ ಓದಿದ್ದೇನೆ. ಒಂದನ್ನೂ ಎರಡನೆಯ ಸಲ ಓದಿರಲಿಲ್ಲ. ಇದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಂಟಿಸಿದರೆ ಬೆನ್ನಿನ ಅಕ್ಷರ ಮುಚ್ಚಿಹೋಗುತ್ತದೆಂದು ಸಂಕಟವಾಯಿತು. ಕೊನೆಗೆ ಉಪಾಯ ಹೊಳೆಯಿತು. ಮೇಲಂಚಿಗೆ ಮಾತ್ರ ಪಾರದರ್ಶಕ ಟೇಪು ಹಾಕಿದರೆ ಬೇಕೆಂದಾಗ ಎತ್ತಿ ಓದಬಹುದು! ಭಾನುವಾರ ಸಂಜೆ ಮತ್ತೆ ಸಾರು ಮಾಡಿ, ಜಗ್ಗಿಗೆ ತುಂಬಿ, ಅಳತೆಪಟ್ಟಿ ಇಟ್ಟು, ಕೂದಲೆಳೆಯಷ್ಟೂ ಓರೆಯಾಗದಂತೆ ಎರಡೂ ಚೀಟಿ ಅಂಟಿಸಿದೆ. ಕಾರ್ಖಾನೆಯಲ್ಲೂ ಅಷ್ಟು ನೆಟ್ಟಗೆ ಅಂಟಿಸಿದವರಿಲ್ಲ.

ಸೋಮವಾರ ಬೆಳಿಗ್ಗೆ ಫುಮಿಕೊ ಸೆಕೆ ಸೆಕೆ ಎನ್ನುತ್ತ ಬಂದು "ಚಹಾ" ಎಂಬ ಜಗ್ಗು ಎತ್ತಿ, ಲೋಟ ತುಂಬಿಸಿ, ಒಂದು ದೊಡ್ಡ ಗುಟುಕು ಕುಡಿದಳು.

ಗಕ್ಕನೆ ತಡೆದಳು. ಕೆನ್ನೆ ಉಬ್ಬಿತು. ನನ್ನನ್ನು ನೋಡುತ್ತಲೇ ನುಂಗಿ ಫೋನ್ ಎತ್ತಿಕೊಂಡಳು.

"ಅಪ್ಪಾ, ಊಟ ಮಾಡ್ತಿದ್ದೀರಾ? ಎರಡು ಬಟ್ಟಲಾ? ಒಳ್ಳೇದಾಯ್ತು. ಚೀಟಿ ಬಂತಪ್ಪ, ಅಕ್ಷರ ಮುದ್ದಾಗಿದೆ. ಇನ್ನೂ ಎರಡು ಬರೆದು ಕಳಿಸ್ತೀರಾ? ಒಂದರಲ್ಲಿ 'ಎಡ', ಒಂದರಲ್ಲಿ 'ಬಲ' ಅಂತ. ಅಯ್ಯೋ, ಜಗ್ಗಿಗಲ್ಲ! ನಿಮ್ಮ ಅಳಿಯನ ಕೈಗೆ!"

ಫೋನಿನ ಆ ಕಡೆಯ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಕಾಲಿಗೂ ಕಳಿಸ್ಲಾ?"